ಎರಡು ಗ್ಲಾಸ್ ನೀರು ತೋರಿಸಿ ಹೆದರಿಸುವವರು ಬಂದರೆ ದುಡ್ಡು ಕೊಡಬೇಡಿ

ಮೊನ್ನೆ ಸಂಜೆ ನಮ್ಮ ಓಣಿಯ ಕೊನೆಯ ಮನೆಯ ಕಟ್ಟೆಯ ಮೇಲೆ ಎರಡು ಗಾಜಿನ ಗ್ಲಾಸು, ಒಂದು ವೈರು, ಕಡ್ಡಿ ಸಿಕ್ಕಿಸಿದ ಒಂದು ಸಣ್ಣ ಡಬ್ಬಿ ಕಂಡಿತು. ನನ್ನ ಎದೆ ಧಸಕ್ಕೆಂದಿತು. ಒಂದೂವರೆ ವರ್ಷದ ಹಿಂದೆ ನಮ್ಮ ಮನೆಗೂ ಇದೇ ಸಾಮಾನು ಹಿಡಿದು ನೀರಿನ ಫಿಲ್ಟರ್ ಮಾರುವವರು ಬಂದಿದ್ದರು, ನಾವು 22 ಸಾವಿರ ರೂಪಾಯಿ ಕಳೆದುಕೊಂಡಿದ್ದೆವು. ಬಾಗಲಕೋಟೆ, ವಿಜಯಪುರದ ಕಡೆ ಬೋರಿನ ನೀರು ಬಳಸುವ ಎಲ್ಲರೂ ಇದನ್ನು ಓದಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮದು ಬಾಗಲಕೋಟೆಯ ನವನಗರ. ಆಲಮಟ್ಟಿ ಹಿನ್ನೀರು ಇಷ್ಟು ಹತ್ತಿರ ಇದ್ದೂ ನಮ್ಮ ಟಾಕಿಗೆ ಬೀಳುವುದು ಹೆಚ್ಚಾಗಿ ಸವಳು ನೀರೇ. ನಳದ ನೀರು ಬಂದ ದಿನ ಕೊಡ, ಬಿಂದಿಗೆ ತುಂಬಿಟ್ಟುಕೊಳ್ಳುತ್ತೇವೆ. ಉಳಿದ ದಿನ ಬೋರು. ಬೇಸಿಗೆಯಲ್ಲಿ ಎರಡೂ ಒಂದೇ ಟಾಕಿಯಲ್ಲಿ ಕಲೆತು ಹೋಗುತ್ತವೆ. ನಮ್ಮ ಅತ್ತೆಯವರು ಹಳೇ ಊರಿನವರು, ಮನೆ ಮುಳುಗಡೆಯಾದ ಮೇಲೆ ಇಲ್ಲಿಗೆ ಬಂದವರು. "ಹೊಳಿ ನೀರಾಗ ಬ್ಯಾಳಿ ಎರಡ ಸೀಟಿಗೆ ಬೆಣ್ಣಿ ಆಗತಿತ್ತು" ಅಂತ ಇವತ್ತಿಗೂ ಹೇಳುತ್ತಾರೆ. ಬೋರಿನ ನೀರಿನಲ್ಲಿ ಅದೇ ತೊಗರಿಬೇಳೆಗೆ ಆರು ಸೀಟಿ ಕೂಗಿಸಿದರೂ ನಡುವೆ ಕಾಳು ಸಿಗುತ್ತದೆ. ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಅಂಟನ್ನು ಹಿಡಿದು ಗಟ್ಟಿ ಮಾಡುವುದರಿಂದ ಅದು ಕರಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳು ನಡೆಯುವುದೇ ಇಲ್ಲಿನ ಸುಣ್ಣದ ಕಲ್ಲಿನಿಂದ. ಅಂಥ ನೆಲದೊಳಗೆ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಸಾಬೂನು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬೂದು ಜಿಡ್ಡು ಕಟ್ಟುತ್ತದೆ. ಒಣಗಿದ ಟವೆಲ್ಲು ಹಪ್ಪಳದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಸ್ಟೀಲ್ ಚರಿಗೆಯನ್ನು ಎಷ್ಟು ತಿಕ್ಕಿದರೂ ಬಿಳಿ ಕರೆ ಹೋಗುವುದಿಲ್ಲ. ಹೊಸ ಗೀಸರಿನ ಕಾಯಿಲ್ 14 ತಿಂಗಳಿಗೇ ಸುಟ್ಟಿತ್ತು. ಇದೆಲ್ಲದರಿಂದ ಬೇಸತ್ತು ಕೂತಿದ್ದಾಗಲೇ ಅವರು ಬಂದರು.

ಇಬ್ಬರು ಹುಡುಗರು, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಐಡಿ ಕಾರ್ಡು. "ಅಕ್ಕಾರ, ದುಡ್ಡೇನ ಬ್ಯಾಡ್ರಿ, ನೀವು ಕುಡಿಯೂ ನೀರು ಒಮ್ಮೆ ನೋಡ್ರಿ ಸಾಕು" ಅಂದರು. ಒಂದು ಗ್ಲಾಸಿಗೆ ನಮ್ಮ ನೀರು, ಇನ್ನೊಂದಕ್ಕೆ ಅವರ ಬಾಟಲಿಯ ಫಿಲ್ಟರ್ ನೀರು ಹಾಕಿದರು. ಎರಡರಲ್ಲೂ ಕಡ್ಡಿಗಳನ್ನು ಇಳಿಬಿಟ್ಟು ಸ್ವಿಚ್ ಹಾಕಿದರು. ಅರ್ಧ ನಿಮಿಷದೊಳಗೆ ನಮ್ಮ ಗ್ಲಾಸು ಹಳದಿಯಾಯಿತು, ಆಮೇಲೆ ಕಂದು. ಮೇಲೆ ಹಸಿರು ಬಣ್ಣದ ನೊರೆ, ಕೆಳಗೆ ಕೆಸರಿನಂಥ ಗಸಿ. ಅವರ ಗ್ಲಾಸು ಹಾಗೇ ತಿಳಿಯಾಗಿ ನಿಂತಿತ್ತು. "ಇದ ನೋಡ್ರಿ, ದಿನಾ ನಿಮ್ಮ ಮಕ್ಕಳ ಕಿಡ್ನ್ಯಾಗ ಹೋಗಿ ಕುಂದ್ರೂದು" ಅಂದ ಒಬ್ಬ. ನನ್ನ ಸಣ್ಣ ಮಗಳು ಪಕ್ಕದಲ್ಲೇ ನಿಂತು ಆ ಗ್ಲಾಸನ್ನೇ ನೋಡುತ್ತಿದ್ದಳು. ಅವತ್ತು ರಾತ್ರಿ ಅವಳು ನೀರೇ ಕುಡಿಯಲಿಲ್ಲ.

ಮರುದಿನವೇ ದುಡ್ಡು ಕೊಟ್ಟೆವು. ಅಡುಗೆಮನೆಗೆ ನೀರಿನ ಲವಣ ಸೋಸುವ ಆರ್‌ಒ ಯಂತ್ರ 15,500. ಟಾಕಿಯಿಂದ ಇಳಿಯುವ ಪೈಪಿಗೆ ಕಟ್ಟುವ ಮ್ಯಾಗ್ನೆಟ್ 6,500. ಅದನ್ನು ಕಟ್ಟಿದರೆ ಇಡೀ ಮನೆಯ ನೀರು ಮೆತ್ತಗಾಗುತ್ತದೆ, ಗೀಸರಿನಲ್ಲಿ ಸುಣ್ಣ ಕಟ್ಟುವುದೇ ಇಲ್ಲ ಅಂದಿದ್ದರು. ಕೊಟ್ಟದ್ದು ಕೈಬರಹದ ಚೀಟಿ, ಅದರ ಮೇಲೆ ಜಿಎಸ್‌ಟಿ ನಂಬರ್ ಇಲ್ಲ. ಎರಡು ತಿಂಗಳ ಮೇಲೆ ಫೋನು ಹತ್ತಲಿಲ್ಲ.

ಆ ಗ್ಲಾಸಿನ ಗುಟ್ಟು ತಿಳಿದದ್ದು ಬಹಳ ತಡವಾಗಿ, ನಮ್ಮ ಹಿಂದಿನ ಓಣಿಯ ನಿವೃತ್ತ ವಿಜ್ಞಾನ ಮಾಸ್ತರರಿಂದ. ಎರಡೂ ಗ್ಲಾಸಿನೊಳಗೆ ಇಳಿಬಿಡುವ ಕಡ್ಡಿಗಳಲ್ಲಿ ಒಂದೊಂದು ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಆಗ ಕಡ್ಡಿಯ ಕಬ್ಬಿಣವೇ ಕರಗಿ ತುಕ್ಕಾಗಿ ನೀರಿಗೆ ಬರುತ್ತದೆ. ನಾವು ಕಂಡ ಕೆಸರು ನಮ್ಮ ನೀರಿನದಲ್ಲ, ಅವರ ಕಡ್ಡಿಯದು. ಅವರ ಬಾಟಲಿಯ ಆರ್‌ಒ ನೀರಿನಲ್ಲಿ ಲವಣ ತೀರ ಕಡಿಮೆ, ಕರೆಂಟು ಹೆಚ್ಚು ಹರಿಯುವುದಿಲ್ಲ, ಅದಕ್ಕೇ ಅದು ತಿಳಿ. "ಅವರ ನೀರಿಗೆ ಒಂದ ಚಿಟಿಕಿ ಅಡಿಗಿ ಉಪ್ಪ ಹಾಕಿ ಮತ್ತ ಸ್ವಿಚ್ ಹಾಕಸ್ರೆವ್ವಾ, ಅದೂ ಹಂಗ ಕೆಡತೈತಿ" ಅಂದರು ಮಾಸ್ತರರು. ಮೊನ್ನೆ ಆ ಕೊನೆಯ ಮನೆಗೆ ನಾನು ಉಪ್ಪಿನ ಡಬ್ಬಿ ಹಿಡಿದುಕೊಂಡೇ ಹೋದೆ. ಚಿಟಿಕೆ ಹಾಕಿದ ಮೇಲೆ ಅವರ ಗ್ಲಾಸೂ ಕಂದಾಯಿತು. ಮನೆಯ ಕಾಕಿ ಚೆಕ್ಕು ಬರೆಯುವುದನ್ನು ನಿಲ್ಲಿಸಿದರು.

ಮ್ಯಾಗ್ನೆಟ್ಟಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಜವಾದ ಅಪಾಯ ಅಲ್ಲಿತ್ತು. ಅದನ್ನು ನಂಬಿ ನಾವು ಗೀಸರಿನ ಕಡೆ ತಿರುಗಿ ನೋಡಲಿಲ್ಲ. ಎಂಟು ತಿಂಗಳಿಗೆ ಒಳಗಿನಿಂದ ಗುಡುಗುಡು ಸದ್ದು ಶುರುವಾಯಿತು, ನೀರು ಸಣ್ಣ ಧಾರೆಯಾಗಿ ಬರತೊಡಗಿತು. ರಿಪೇರಿಯವರು ಬಂದು ಬಿಚ್ಚಿದಾಗ ಕಾಯಿಲ್ ಕಾಣಲೇ ಇಲ್ಲ, ಸುತ್ತ ಹೆಬ್ಬೆರಳು ದಪ್ಪ ಬಿಳಿ ಕಲ್ಲು. ತಳದಿಂದ ಸುಣ್ಣದ ಚಕ್ಕೆಗಳನ್ನು ತೆಗೆದು ಬಕೆಟ್ಟಿಗೆ ಸುರಿದರು, ಅರ್ಧ ಬಕೆಟ್ ತುಂಬಿತು. ಆಮೇಲೆ ಹೊರಗಿನ ಸೇಫ್ಟಿ ವಾಲ್ವ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ತೂತು ಸುಣ್ಣದಿಂದ ಪೂರ್ತಿ ಮುಚ್ಚಿಹೋಗಿತ್ತು. "ಥರ್ಮೋಸ್ಟಾಟ್ ಒಂದ ಕೆಟ್ಟಿದ್ರ ಗೀಸರ್ ಟಾಕಿ ಒಡೀತಿತ್ತರೀ ಅಕ್ಕಾರ" ಅಂದರು. ಥರ್ಮೋಸ್ಟಾಟ್ ಅಂದರೆ ನೀರು ಸಾಕಷ್ಟು ಕಾದ ಮೇಲೆ ಕರೆಂಟು ನಿಲ್ಲಿಸುವ ಭಾಗ. ಒಳಗೆ ಒತ್ತಡ ಏರಿದಾಗ ಹೊರಬಿಡುವ ಮುಖ್ಯ ದಾರಿ ಈ ವಾಲ್ವೇ. ಆ ಬಚ್ಚಲಲ್ಲಿ ದಿನಾ ಸ್ನಾನ ಮಾಡುತ್ತಿದ್ದವರು ನನ್ನ ಮಕ್ಕಳು. ಆ ಮಾತು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ವಾಲ್ವಿನಿಂದ ನೀರು ಕಾಯುವಾಗ ಹನಿ ಬೀಳುವುದು ಸಹಜ. ಹನಿ ಬೀಳುತ್ತದೆ ಅಂತ ಅದಕ್ಕೆ ಬೂಚು ಹಾಕಿಸುವವರನ್ನು ಕಂಡಿದ್ದೇನೆ, ದಯವಿಟ್ಟು ಅದನ್ನು ಮಾಡಬೇಡಿ. ಬೋರಿನ ನೀರಿದ್ದರೆ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಸುಣ್ಣ ತೆಗೆಸಿ. ಶಾಖ 50-55 ಡಿಗ್ರಿಗಿಂತ ಮೇಲೆ ಇಡಬೇಡಿ, ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕಟ್ಟುತ್ತದೆ.

ಇನ್ನೊಂದು ತಪ್ಪನ್ನೂ ಹೇಳಬೇಕು. ನಳದ ಬಿಳಿ ಕರೆ ತೆಗೆಯಲು ಪಾಯಖಾನೆ ತೊಳೆಯುವ ಆಸಿಡ್ ಹಾಕಿದೆ. ಕರೆಯ ಜೊತೆ ಹೊಳಪೂ ಕಿತ್ತುಬಂತು, ಘಾಟಿಗೆ ಎರಡು ದಿನ ಕೆಮ್ಮಿದೆ. ಆಸಿಡ್ಡನ್ನು ಬ್ಲೀಚಿನ ಜೊತೆ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ ನಳಕ್ಕೆ ಅರ್ಧ ತಾಸು ಸುತ್ತಿಟ್ಟರೆ ಕರೆ ತಾನೇ ಸಡಿಲಾಗುತ್ತದೆ.

ನಾವು ಮೊದಲು ಮಾಡಬೇಕಾಗಿದ್ದ ಕೆಲಸ ನೀರಿನ ಪರೀಕ್ಷೆ. ಅದನ್ನು ಕೊನೆಗೆ ಮಾಡಿಸಿದೆವು. ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ, ಲೀಟರಿಗೆ 560 ಮಿಲಿಗ್ರಾಂ ಬಂತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿಗೆ 200 ಒಳ್ಳೆಯ ಮಿತಿ, ಬೇರೆ ನೀರು ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ಮ್ಯಾಗ್ನೆಟ್ ಕಟ್ಟಿದ ಪೈಪಿನ ನೀರನ್ನೂ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದೆವು. ಅದರ ಅಂಕಿಯೂ 560. ಪೆನ್ನಿನಂಥ ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಎಲ್ಲ ಲವಣದ ಅಂದಾಜು, ಗಡಸುತನವನ್ನಲ್ಲ. ಆ ಅಂಕಿ ತೋರಿಸಿ ಹೆದರಿಸಿದರೂ ನಂಬಬೇಡಿ.

ಗಡಸು ನೀರು ತಾನೇ ವಿಷವಲ್ಲ. ಅದರಿಂದಲೇ ಆರೋಗ್ಯ ಕೆಡುತ್ತದೆ ಅನ್ನಲು ನಂಬುವಂಥ ಆಧಾರವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಆದರೆ ಬೋರಿನ ನೀರನ್ನೇ ಕುಡಿಯುವವರು ಫ್ಲೋರೈಡ್ ಪರೀಕ್ಷೆಯನ್ನು ತಪ್ಪದೇ ಮಾಡಿಸಿ. ನಮ್ಮ ಎರಡೂ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಆ ತೊಂದರೆ ಇದೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ಮಕ್ಕಳ ಹಲ್ಲಿನ ಮೇಲೆ ಕಲೆ ಕಂಡ ಮೇಲೆ ಎಚ್ಚೆತ್ತರೆ ತಡವಾಗಿರುತ್ತದೆ.

ಇಡೀ ಮನೆಯ ನೀರು ಮೆತ್ತಗಾಗಬೇಕಾದರೆ ರಾಳ ತುಂಬಿದ ಸಾಫ್ಟ್‌ನರ್ ಬೇಕು. ಅದು ಕ್ಯಾಲ್ಸಿಯಂ ಹಿಡಿದು ಸೋಡಿಯಂ ಬಿಡುತ್ತದೆ, ಆಗಾಗ ಉಪ್ಪು ಹಾಕಿ ತೊಳೆಯಬೇಕು. ಬಿಪಿ ಇದ್ದವರು ಆ ನೀರನ್ನು ಕುಡಿಯುವ ಮೊದಲು ಡಾಕ್ಟರನ್ನು ಕೇಳಿ. ತೊಳೆದ ಉಪ್ಪುನೀರನ್ನು ಗಿಡಗಳಿಗೆ ಬಿಡಬೇಡಿ, ನಮ್ಮ ಎರೆ ಮಣ್ಣು ಅದರಿಂದ ಕೆಡುತ್ತದೆ. ನಾವು ಸಾಫ್ಟ್‌ನರ್ ಕೊಂಡಿಲ್ಲ. ನಳದ ನೀರಿಗೆ ಬೇರೆ ಸಣ್ಣ ಟಾಕಿ ಇಟ್ಟು, ಅಲ್ಲಿಂದ ಅಡುಗೆಮನೆಗೆ ಮತ್ತು ಗೀಸರಿಗೆ ಪೈಪು ಎಳೆಸಿದೆವು. ಟಾಕಿ, ಪೈಪು, ಕೂಲಿ ಸೇರಿ ಮ್ಯಾಗ್ನೆಟ್ಟಿಗಿಂತ ಕಡಿಮೆಯಾಯಿತು. ಈಗ ಬೇಳೆ ಮೂರು ಸೀಟಿಗೆ ಬೇಯುತ್ತದೆ.