ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೊರಟಿದ್ದೀರಾ? ಹೋಂಸ್ಟೇಗೆ ಅಡ್ವಾನ್ಸ್ ಕಳಿಸೋ ಮುಂಚೆ ಇದನ್ನು ಓದಿ

ನಾವು ಐದು ಜನ ಹಾಸನದಲ್ಲಿ ಒಟ್ಟಿಗೆ ಓದಿದವರು. ಆಗೆಲ್ಲ ಶನಿವಾರ ಬಂತೆಂದರೆ ಬೈಕ್ ಹತ್ತಿ ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೊರಡುತ್ತಿದ್ದೆವು. ಕೈಮರ ಬಿಟ್ಟು ತಿರುವು ಹತ್ತುವಾಗ ಮುಖಕ್ಕೆ ಬಡಿಯುವ ತಣ್ಣನೆ ಗಾಳಿ, ಅದಕ್ಕೇ ಹೋಗುತ್ತಿದ್ದೆವು. ಕೊನೇ ಸಲ ಎಲ್ಲರೂ ಸೇರಿದ್ದು 2022ರಲ್ಲಿ, ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ಕುರಿಂಜಿ ಅರಳಿದಾಗ. ಈ ಮಳೆಗಾಲದಲ್ಲಿ ಮತ್ತೆ ದಿನ ಕೂಡಿ ಬಂತು.

ಉಳಿಯೋ ಜಾಗ ಹುಡುಕುವ ಕೆಲಸ ನನ್ನದು. ಮೊಬೈಲ್‌ನಲ್ಲಿ ಒಂದು ಪೇಜ್ ಸಿಕ್ಕಿತು. ಮಲ್ಲಂದೂರು ಕಡೆಯ ಹಳೇ ಹೆಂಚಿನ ಮನೆ, ಕೆಂಪು ಗಾರೆಯ ಜಗಲಿ, ಎದುರಿಗೆ ಕಾಫಿ ಕಣ. ಬೇರೆ ಕಡೆ ತಲೆಗೆ 2,500 ಇದ್ದರೆ ಇಲ್ಲಿ 1,400. ಫೋನಿನಲ್ಲಿ ಸಿಕ್ಕವನು ಮಲೆನಾಡಿನವನ ಹಾಗೇ ಮಾತಾಡಿದ. 'ಕಡುಬು, ಕೋಳಿ ಸಾರು ಮಾಡಿಸಿಡ್ತೀನಿ ಸರ್' ಅಂದ. ಎರಡು ರಾತ್ರಿಗೆ ಅರ್ಧ ಅಡ್ವಾನ್ಸ್, 7,000. ಕಳಿಸುವಾಗ ಸ್ಕ್ರೀನ್ ಮೇಲೆ ಬಂದ ಹೆಸರು ಅವನದ್ದೂ ಅಲ್ಲ, ತೋಟದ್ದೂ ಅಲ್ಲ. ಕೇಳಿದ್ದಕ್ಕೆ 'ನಮ್ಮ ಅಕೌಂಟೆಂಟ್ ಸರ್' ಅಂದ. ಅಲ್ಲೇ ನಿಲ್ಲಿಸಬೇಕಿತ್ತು. ನಾನು ಪಿನ್ ಒತ್ತಿದೆ.

ಹೊರಡುವ ಹಿಂದಿನ ದಿನ ಮತ್ತೆ ಫೋನ್. ಗಿರಿಗೆ ಗಾಡಿ ಬಿಡೋಕೆ ಈಗ ಮೊದಲೇ ಆನ್‌ಲೈನ್ ಬುಕಿಂಗ್ ಆಗಬೇಕಲ್ವಾ, ಅದನ್ನೂ ತಾನೇ ಮಾಡಿಸ್ತೀನಿ ಅಂದ. ಇನ್ನೊಂದು 3,000.

ಸಂಜೆ ಏಳು ದಾಟಿತ್ತು. ಧೋ ಅಂತ ಮಳೆ, ಕರೆಂಟ್ ಇಲ್ಲ. ಮ್ಯಾಪ್ ಸರಿಯಾದ ಮನೆಗೇ ಕರೆತಂದಿತ್ತು. ಅದೇ ಜಗಲಿ, ಅದೇ ಕಣ. ಬಾಗಿಲು ತೆಗೆದವರು ಟಾರ್ಚ್ ಹಿಡಿದ ಒಬ್ಬ ವಯಸ್ಸಾದ ಅಮ್ಮ. ನಮ್ಮ ಬ್ಯಾಗುಗಳನ್ನು ನೋಡಿದವರೇ, 'ನೀವೂ ದುಡ್ಡು ಕಳ್ಸಿದ್ರಾ?' ಅಂದರು. 'ಇದು ಹೋಂಸ್ಟೇ ಅಲ್ಲ ಕಣ್ರಪ್ಪ, ನಮ್ಮನೆ. ಈ ಮಳೆಗಾಲದಲ್ಲಿ ನೀವು ನಾಲ್ಕನೇಯವರು.' ಮೊಮ್ಮಗಳು ಹಿಂದೆ ಯಾವಾಗಲೋ ಹಾಕಿದ್ದ ಫೋಟೋಗಳನ್ನು ಯಾರೋ ಕದ್ದಿದ್ದರು. ಅವನ ಫೋನ್ ಆಗಲೇ ಸ್ವಿಚ್ ಆಫ್. ಆ ಅಮ್ಮ ನಮ್ಮನ್ನು ಮಳೆಗೆ ವಾಪಸ್ ಕಳಿಸಲಿಲ್ಲ. ಒಲೆ ಮುಂದೆ ಕೂರಿಸಿ ಬಿಸಿ ಅಕ್ಕಿ ರೊಟ್ಟಿ, ಕೆಂಪು ಚಟ್ನಿ, ಬೆಲ್ಲದ ಕಾಫಿ ಕೊಟ್ಟರು. ಬೆಳಿಗ್ಗೆ ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಎಲ್ಲರಿಗೂ ಇಂಥ ಬಾಗಿಲು ಸಿಗುತ್ತದೆ ಅಂತ ನಂಬಿ ಹೊರಡಬೇಡಿ. ಜೊತೆಗೆ ಚಿಕ್ಕ ಮಕ್ಕಳಿದ್ದರೆ ಆ ರಾತ್ರಿ ಏನು ಮಾಡುತ್ತಿದ್ದೆವೋ!

ದಯವಿಟ್ಟು ಅಡ್ವಾನ್ಸ್ ಕಳಿಸೋ ಮುಂಚೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ, ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ವಿಡಿಯೋ ಕಾಲ್ ಮಾಡಿ ಅಂಗಳದಿಂದ ಅಡುಗೆಮನೆವರೆಗೆ ತೋರಿಸಲು ಹೇಳಿ. ಮನೆ ಇಲ್ಲದವನು ತೋರಿಸೋದಾದರೂ ಏನನ್ನು? ಗಾಡಿ ಬುಕಿಂಗನ್ನು ಸರ್ಕಾರದ ವೆಬ್‌ಸೈಟ್‌ನಲ್ಲಿ ನೀವೇ ಮಾಡಿ.

ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮುಳ್ಳಯ್ಯನಗಿರಿಯ ಎತ್ತರವೂ ಸುಮಾರು 1,930 ಮೀಟರ್, ಹಾಗೆ ನೆನಪಿಟ್ಟುಕೊಳ್ಳಿ. ಇಲ್ಲಿ ತಡ ಮಾಡಿದಷ್ಟೂ ನಷ್ಟ. ನಾವು ಮಾರನೇ ದಿನ ದೂರು ಕೊಟ್ಟಾಗ ಕೊನೆಗೆ ಕಳಿಸಿದ 3,000 ಮಾತ್ರ ಬ್ಯಾಂಕಿನವರು ತಡೆಹಿಡಿದರು. ಒಂಬತ್ತು ದಿನ ಹಿಂದಿನ 7,000 ಆ ಖಾತೆಯಿಂದ ಯಾವತ್ತೋ ಹೊರಟು ಹೋಗಿತ್ತು.

ಮೊನ್ನೆ ಅದೇ ಮನೆಯ ಫೋಟೋ ಬೇರೆ ಹೆಸರಿನ ಪೇಜ್‌ನಲ್ಲಿ ಮತ್ತೆ ಬಂದಿದೆ. ಜಗಲಿಯ ಎಡಕ್ಕೆ ನೀಲಿ ಬಣ್ಣದ ಮರದ ಉಯ್ಯಾಲೆ ಇದೆ, ಅದರ ಒಂದು ಹಗ್ಗಕ್ಕೆ ಹಸಿರು ಬಟ್ಟೆ ಕಟ್ಟಿದೆ. ಆ ಫೋಟೋ ಕಂಡರೆ ದುಡ್ಡು ಕಳಿಸಬೇಡಿ.