ಹಿಂದಿರುಗಿದ ಮೊಬೈಲ್, ಹಿಂದಿರುಗದ ಹಣ: ನಾನು ತಟ್ಟಿ ನೋಡಿದ ಬಾಗಿಲುಗಳು

2024ರ ಜುಲೈ. ಮಳೆ ಜಡಿಯುತ್ತಿದ್ದ ಸಂಜೆ. ಕೊರಿಯರ್ ಹುಡುಗ ನಮ್ಮ ಜಗುಲಿಯಲ್ಲಿ ನಿಂತು, ನಾನು ವಾಪಸು ಮಾಡುತ್ತಿದ್ದ ಮೊಬೈಲಿನ ಡಬ್ಬಿಯನ್ನು ತೆರೆದೂ ನೋಡದೆ ಚೀಲಕ್ಕೆ ತುಂಬಿಕೊಂಡು ಹೋದ. ಹದಿನೆಂಟೂವರೆ ಸಾವಿರದ ಫೋನು. ಮೂರನೆಯ ದಿನಕ್ಕೇ ಪರದೆಯ ಮೇಲೆ ಹಸಿರು ಗೆರೆ ಮೂಡಿತ್ತು. ಒಂಬತ್ತು ದಿನ ಕಳೆದ ಮೇಲೆ ಸಂದೇಶ ಬಂತು: ನಮಗೆ ತಲುಪಿದ ಫೋನಿನ ಐಎಂಇಐ ಸಂಖ್ಯೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹೊಂದಿಕೆಯಾಗುತ್ತಿಲ್ಲ, ಆದ್ದರಿಂದ ಮರುಪಾವತಿ ಇಲ್ಲ. ಎಷ್ಟೇ ನಯವಾಗಿ ಬರೆದಿದ್ದರೂ ಅದರ ಅರ್ಥ ಒಂದೇ, ನಾನು ಕಳ್ಳ.

ಇದಕ್ಕೆ ಮೊದಲು ಒಂದು ಇಯರ್‌ಫೋನಿನ ಜಗಳ ಮುಗಿದಿತ್ತು, ಇದು ನಡೆಯುತ್ತಿದ್ದಾಗಲೇ ತಂಗಿಯ ಲ್ಯಾಪ್‌ಟಾಪಿನ ಜಗಳ ಶುರುವಾಯಿತು. ಮೂರೂ ಬೇರೆ ಬೇರೆ ಆನ್‌ಲೈನ್ ಅಂಗಡಿಗಳು. ಹೀಗಾಗಿ ಇಂಥ ವ್ಯಾಜ್ಯಕ್ಕೆ ಇರುವ ಬಾಗಿಲುಗಳನ್ನೆಲ್ಲ ತಟ್ಟುವ ಯೋಗ ನನಗೆ ಕೂಡಿಬಂತು.

ಅಂಗಡಿಯ ಆ್ಯಪಿನೊಳಗಿನ ಚಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಸಲ ಹೊಸ ಹೆಸರು, ಪ್ರತಿ ಸಲ ಮೊದಲಿನಿಂದ ಕಥೆ, ಪ್ರತಿ ಸಲ 48 ಗಂಟೆಯ ಗಡುವು. ತಿಪ್ಪೆ ಸಾರಿಸುವ ಮಾತು. ಅಲ್ಲಿ ಸಿಕ್ಕ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಸಾಕು, ಅದಷ್ಟೇ ಫಲ.

ದೂರು ಪರಿಹಾರ ಅಧಿಕಾರಿಗೆ ಇಮೇಲ್ ಬರೆಯುವುದು ಇದಕ್ಕಿಂತ ಹತ್ತು ಪಾಲು ಮೇಲು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಅಂಗಡಿಯೂ ಇಂಥ ಅಧಿಕಾರಿಯನ್ನು ನೇಮಿಸಿ ಹೆಸರು, ವಿಳಾಸ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಇಯರ್‌ಫೋನಿನ ವಿಷಯದಲ್ಲಿ ಚಾಟ್‌ನವರು ಹಣ ಹಾಕಿದ್ದೇವೆ ಎನ್ನುತ್ತಿದ್ದರು, ಬ್ಯಾಂಕಿನವರು ಬಂದಿಲ್ಲ ಎನ್ನುತ್ತಿದ್ದರು. ಅಧಿಕಾರಿಯ ಉತ್ತರದಲ್ಲಿ 23 ಅಂಕಿಗಳ ಎಆರ್‌ಎನ್ ಎಂಬ ಸಂಖ್ಯೆ ಇತ್ತು. ಕಾರ್ಡಿಗೆ ಹೋದ ಮರುಪಾವತಿಯ ಜಾಡು ಹಿಡಿಯುವುದು ಈ ಸಂಖ್ಯೆಯಿಂದಲೇ. ಬ್ಯಾಂಕಿನಲ್ಲಿ ತೋರಿಸಿದಾಗ ಹಣ ನನ್ನ ಹಳೆಯ, ಬದಲಾಯಿಸಿದ ಕಾರ್ಡಿನ ಲೆಕ್ಕದಲ್ಲಿ ಕುಳಿತಿರುವುದು ಗೊತ್ತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ. ಮೂರು ವಾರ ನಾನು ಬೈದದ್ದು ತಪ್ಪು ಜನರನ್ನು.

ಮೊಬೈಲಿನ ವಿಷಯದಲ್ಲಿ ಇದೇ ಬಾಗಿಲು ಅರ್ಧವಷ್ಟೇ ತೆರೆಯಿತು. ಇಪ್ಪತ್ತನೆಯ ದಿನ ಉತ್ತರ ಬಂತು: ಪರಿಶೀಲಿಸಿದ್ದೇವೆ, ಐಎಂಇಐ ಬೇರೆ. ಯಾವ ಸಂಖ್ಯೆ ಸಿಕ್ಕಿತು, ಫೋಟೊ ಎಲ್ಲಿ ಎಂದು ಕೇಳಿದ್ದಕ್ಕೆ ಆಂತರಿಕ ಮಾಹಿತಿ ಎಂಬ ಜವಾಬು.

1915ಕ್ಕೆ ಕರೆ ಮಾಡಿದೆ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಡಾಕೆಟ್ ಸಂಖ್ಯೆ, ಅಂದರೆ ದೂರಿನ ಗುರುತಿನ ಸಂಖ್ಯೆ, ಕೊಟ್ಟು ದೂರನ್ನು ಕಂಪನಿಗೆ ದಾಟಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ, ಅವರದು ಮಧ್ಯಸ್ಥಿಕೆ. ತಂಗಿ ಮರಳಿಸಿದ ಲ್ಯಾಪ್‌ಟಾಪ್ ಜೊತೆ ಚಾರ್ಜರ್ ಬಂದಿಲ್ಲ ಎಂದು ಅಂಗಡಿ 54 ಸಾವಿರ ತಡೆಹಿಡಿದಿತ್ತು. ಸಹಾಯವಾಣಿಗೆ ದೂರು ಹೋದ ಹನ್ನೊಂದನೆಯ ದಿನ ಚಾರ್ಜರ್ ಗೋದಾಮಿನಲ್ಲೇ ಸಿಕ್ಕಿತು, ಹಣವೂ ಬಂತು. ಮೊಬೈಲಿನವರು ಮಾತ್ರ ಹಳೆಯ ಉತ್ತರವನ್ನೇ ಮತ್ತೆ ಕಳುಹಿಸಿದರು. ನನಗೆ ಅನ್ನಿಸಿದ್ದು: ಕಂಪನಿ ಮೈಮರೆತಿದ್ದರೆ ಸಹಾಯವಾಣಿ ಎಚ್ಚರಿಸಬಲ್ಲದು. ಪಟ್ಟು ಹಿಡಿದಿದ್ದರೆ ಅದರ ಪಟ್ಟು ಬಿಡಿಸಲಾರದು.

ಲ್ಯಾಪ್‌ಟಾಪಿಗೆ ತಂಗಿ ಕ್ರೆಡಿಟ್ ಕಾರ್ಡ್ ಬಳಸಿದ್ದಳು, ಆದ್ದರಿಂದ ಸಹಾಯವಾಣಿಗೆ ಮೊದಲು ಚಾರ್ಜ್‌ಬ್ಯಾಕನ್ನೂ, ಅಂದರೆ ಕಾರ್ಡಿನಲ್ಲಿ ಕೊಟ್ಟ ಹಣವನ್ನು ಬ್ಯಾಂಕಿನ ಮೂಲಕ ಹಿಂದಕ್ಕೆ ಕೇಳುವ ದಾರಿಯನ್ನೂ, ಪ್ರಯತ್ನಿಸಿದ್ದೆವು. ಕೇಳಲು ಸೊಗಸು. ವಾರದಲ್ಲೇ ತಾತ್ಕಾಲಿಕವಾಗಿ ಹಣ ಜಮಾ ಆಯಿತು, ಮನೆಯಲ್ಲಿ ಪಾಯಸವೂ ಆಯಿತು. ಅಂಗಡಿ ಎದುರುತ್ತರ ಕೊಟ್ಟ ಮೇಲೆ ಆ ಜಮೆಯನ್ನು ಬ್ಯಾಂಕ್ ಹಿಂದಕ್ಕೆ ಎಳೆದುಕೊಂಡಿತು. ಈ ನಡುವೆ ಬಡ್ಡಿಯಿಲ್ಲದ ಕಂತು ಎಂದು ತೆಗೆದುಕೊಂಡದ್ದು ತಿಂಗಳು ತಿಂಗಳೂ ಕಡಿತವಾಗುತ್ತಲೇ ಇತ್ತು, ಬಡ್ಡಿಯಿಲ್ಲ ಎಂದರೂ ಬ್ಯಾಂಕ್ ಒಳಗೊಳಗೆ ಲೆಕ್ಕ ಹಾಕುವ ಬಡ್ಡಿಯ ಮೇಲಿನ ಜಿಎಸ್‌ಟಿ ಕೊನೆಗೂ ವಾಪಸು ಬರಲಿಲ್ಲ. ವಸ್ತು ಬಂದೇ ಇಲ್ಲ ಎನ್ನುವ ಜಗಳಕ್ಕೆ ಈ ದಾರಿ ಒಳ್ಳೆಯದಿರಬಹುದು. ಏನು ಮರಳಿಸಿದಿರಿ ಎನ್ನುವ ಜಗಳಕ್ಕೆ ನಾನಂತೂ ಮತ್ತೆ ಹಿಡಿಯುವುದಿಲ್ಲ.

ಮೊಬೈಲಿಗೆ ಉಳಿದದ್ದು ಜಿಲ್ಲಾ ಗ್ರಾಹಕ ಆಯೋಗ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಅಪ್ಪ ನೆನಪಿಸಿದರು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಷ್ಟು ಕಠಿಣವಲ್ಲ. ಅಂಗಡಿ ಗುರುಗ್ರಾಮದಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕೆಂದಿಲ್ಲ, ಎರಡು ವರ್ಷ ಕಾಲಾವಕಾಶವಿದೆ. 2025ರ ಜನವರಿಯಲ್ಲಿ ಶುರುವಾದ ಇ-ಜಾಗೃತಿ ಜಾಲತಾಣದಲ್ಲಿ, ಅದೇ ತಿಂಗಳ ಕೊನೆಗೆ, ನಾನೇ ಕುಳಿತು ದೂರು ಏರಿಸಿದೆ. ವಕೀಲ ಗೆಳೆಯನೊಬ್ಬ ಹೇಳಿದ ಒಂದು ಮಾತು ಬಹಳ ಕೆಲಸಕ್ಕೆ ಬಂತು: ಆನ್‌ಲೈನ್ ಅಂಗಡಿ ಮತ್ತು ಬಿಲ್ಲಿನಲ್ಲಿರುವ ಮಾರಾಟಗಾರ, ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸು. ಇಲ್ಲದಿದ್ದರೆ ನಾವು ಬರೀ ಸಂತೆ ಮೈದಾನ, ಅಂಗಡಿ ನಮ್ಮದಲ್ಲ ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ತೋರಿಸಿದರು ಕೂಡ.

ಎದುರುದಾರರು 30 ದಿನದೊಳಗೆ, ಹೆಚ್ಚೆಂದರೆ ಇನ್ನೂ 15 ದಿನ ಕೂಡಿಸಿ, ಲಿಖಿತ ಹೇಳಿಕೆ ಸಲ್ಲಿಸಬೇಕು. ಚಾಟ್, ಇಮೇಲ್, ಸಹಾಯವಾಣಿ ಎಲ್ಲಿಯೂ ಬಾಯಿಬಿಡದ ಸಂಖ್ಯೆಯನ್ನು ಅಂಗಡಿ ಅಲ್ಲಿ ಮೊದಲ ಬಾರಿಗೆ ಬರೆಯಿತು: ಗೋದಾಮಿಗೆ ತಲುಪಿದ ಫೋನಿನ ಐಎಂಇಐ ಇದು, ಎಂದು 15 ಅಂಕಿ. ಅದನ್ನು ಹಿಡಿದುಕೊಂಡು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದೆ. ಹೊಸ ಫೋನು ಬಂದ ದಿನ ಜಂಬಕ್ಕೆ ಹಾಕಿದ್ದ ಡಬ್ಬಿಯ ಫೋಟೊ ಸಿಕ್ಕಿತು. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುತ್ತವೆ. ಬಿಲ್ಲಿನಲ್ಲಿ ಅಚ್ಚಾಗಿದ್ದದ್ದು ಮೊದಲನೆಯದು, ಗೋದಾಮಿನವರು ಓದಿದ್ದು ಎರಡನೆಯದು. ಎರಡೂ ಡಬ್ಬಿಯ ಚೀಟಿಯ ಮೇಲೆ ಒಂದರ ಕೆಳಗೊಂದು ತಣ್ಣಗೆ ಕುಳಿತಿದ್ದವು.

ಪರೀಕ್ಷೆಯ ಅಗತ್ಯವಿಲ್ಲದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನನ್ನದಕ್ಕೆ ಹತ್ತು ತಿಂಗಳು ಹಿಡಿಯಿತು, ನಾಲ್ಕು ರಜೆ ಖರ್ಚಾದವು. ಫೋಟೊ ಸಲ್ಲಿಸಿದ ಮುಂದಿನ ತಾರೀಖಿಗೇ ಅಂಗಡಿಯ ವಕೀಲರು ಪಡಸಾಲೆಯಲ್ಲಿ ನನ್ನನ್ನು ಕರೆದು, ಪೂರ್ತಿ ಹಣ ಮತ್ತು ಮೇಲೆ ನಾಲ್ಕು ಸಾವಿರ ಕೊಡುತ್ತೇವೆ, ರಾಜಿ ಮಾಡಿಕೊಳ್ಳೋಣ ಎಂದರು. ಮೇಲಿನ ದುಡ್ಡಿಗೆ ಇನ್ನಷ್ಟು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಒಂದು ಕ್ಷಮೆಯ ಸಾಲನ್ನು ರಾಜಿಪತ್ರದಲ್ಲಿ ಬರೆಸಲು ಕೇಳಿದೆ. ಅದಕ್ಕೆ ಅವರು ಒಪ್ಪಲಿಲ್ಲ.

ಈಗ ನಮ್ಮ ಮನೆಯಿಂದ ಏನು ವಾಪಸು ಹೋಗಬೇಕಾದರೂ ಕೊರಿಯರ್ ಹುಡುಗನನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡುತ್ತೇನೆ. ಅವನು ಕುಡಿದು ಮುಗಿಸುವುದರೊಳಗೆ ಡಬ್ಬಿ, ಚಾರ್ಜರ್, ಎರಡೂ ಐಎಂಇಐ, ಅವನ ಕೈಯಲ್ಲಿರುವ ಚೀಟಿ, ಎಲ್ಲವೂ ಒಂದೇ ವಿಡಿಯೊದಲ್ಲಿ ಬಂದಿರುತ್ತವೆ. ಮೊನ್ನೆ ಬಂದವನು, ಸಾರ್, ನನ್ನ ಮುಖವೂ ಬೇಕಾ ಎಂದು ಕೇಳಿದ.