ಫ್ರೈಬುರ್ಗ್‌ನಲ್ಲಿ ಒಂದು ವರ್ಷ: ಸ್ಟೂಡೆಂಟ್ ಎಕ್ಸ್‌ಚೇಂಜ್‌ಗೆ ದುಡ್ಡು ಹಾಕಬಹುದಾ?

ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಸೇರುವ ಮುಂಚೆ ಒಂದು ವರ್ಷ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಶಾಲೆಗೆ ಹೋಗಿ ಬಂದವಳು ನಾನು. ಊರು ಮಂಗಳೂರು. ಈಗ ಡಿಗ್ರಿ ಓದುತ್ತಿದ್ದೇನೆ. ಅಮ್ಮನ ಗೆಳತಿಯರು, ಅವರ ಗೆಳತಿಯರು ಫೋನ್ ಮಾಡಿ ಕೇಳುವುದು ಎರಡೇ ಪ್ರಶ್ನೆ. ಒಂದು, "ಎಷ್ಟು ಖರ್ಚಾಯ್ತು?" ಇನ್ನೊಂದು, ದನಿ ತಗ್ಗಿಸಿ, "ಅಲ್ಲಿ ಹುಡುಗರ ವಿಷಯ ಎಲ್ಲ ಹೇಗೆ ಮಾರಾಯ್ತಿ?" ಎರಡಕ್ಕೂ ಇಲ್ಲೇ ಉತ್ತರ ಬರೆಯುತ್ತೇನೆ. ಕಳಿಸಿದ ಸಂಸ್ಥೆಯ ಹೆಸರು ಮಾತ್ರ ಹೇಳುವುದಿಲ್ಲ, ಬೈಗುಳ ಸ್ವಲ್ಪ ಇದೆ.

ಈ ಕ್ಷೇತ್ರದಲ್ಲಿ ಹಳೆಯ ಹೆಸರು ಎಎಫ್‌ಎಸ್. ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಓಡಿಸಲು ಶುರುವಾದ ಸಂಸ್ಥೆ, 1947ರಿಂದ ಹೈಸ್ಕೂಲ್ ಮಕ್ಕಳನ್ನು ದೇಶದಿಂದ ದೇಶಕ್ಕೆ ಕಳಿಸುತ್ತಿದೆ. ರೋಟರಿ ಕ್ಲಬ್‌ನವರದ್ದೂ ಒಂದು ಕಾರ್ಯಕ್ರಮ ಇದೆ. ಅಲ್ಲಿ ನಾಲ್ಕು 'ಡಿ' ನಿಯಮ ಪ್ರಸಿದ್ಧ: ಡ್ರಿಂಕಿಂಗ್, ಡ್ರೈವಿಂಗ್, ಡ್ರಗ್ಸ್, ಡೇಟಿಂಗ್ ನಾಲ್ಕೂ ಇಲ್ಲ. ನಾನು ಹೋದದ್ದು ಇವೆರಡರಲ್ಲೂ ಅಲ್ಲ, ಬೇರೆ ಒಂದರಲ್ಲಿ.

ಖರ್ಚು ಲಕ್ಷಗಳಲ್ಲಿ. ಅಪ್ಪ ಸೈಟಿಗೆಂದು ಕೂಡಿಟ್ಟ ದುಡ್ಡು ಹೋಯಿತು ಎಂದರೆ ನಿಮಗೆ ಅಂದಾಜು ಸಿಗಬಹುದು. ಟಿಕೆಟ್, ವಿಮೆ, ಶಾಲೆ ಹುಡುಕುವುದು, ಮನೆ ಹುಡುಕುವುದು ಅದರಲ್ಲಿ ಸೇರಿದೆ. ಚಳಿಗಾಲದ ಜಾಕೆಟ್, ಶಾಲೆಯ ಪ್ರವಾಸ, ಟ್ರಾಮ್ ಪಾಸ್, ಕೈಖರ್ಚು ಸೇರಿಲ್ಲ. ಒಂದು ಮಾತು ಗಮನಿಸಿ: ನಮ್ಮನ್ನು ಇಟ್ಟುಕೊಂಡ ಜರ್ಮನ್ ಮನೆಯವರಿಗೆ ಈ ದುಡ್ಡಿನಲ್ಲಿ ಒಂದು ಪೈಸೆ ಹೋಗುವುದಿಲ್ಲ. ಅವರು ಸುಮ್ನೆ, ಇಷ್ಟಪಟ್ಟು ಇಟ್ಟುಕೊಳ್ಳುತ್ತಾರೆ. ಹಾಗಾಗಿ ಬ್ರೋಷರ್‌ನಲ್ಲಿ ಏನೇ ಬರೆದಿರಲಿ, ನಿಮ್ಮ ವರ್ಷ ಚೆನ್ನಾಗಿರುತ್ತದಾ ಇಲ್ಲವಾ ಎನ್ನುವುದು ಆ ಮನೆಯ ಮೇಲೆ ನಿಂತಿದೆ. ಸಂಸ್ಥೆಯ ನಿಜವಾದ ಕೆಲಸ ಸರಿಯಾದ ಮನೆ ಕೊಡುವುದು, ಸರಿಹೋಗದಿದ್ದರೆ ಬೇಗ ಬದಲಿಸುವುದು.

ಅಲ್ಲೇ ನಮ್ಮವರು ಎಡವಿದ್ದು. ಅರ್ಜಿಯಲ್ಲಿ ಸಸ್ಯಾಹಾರಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಮೊದಲ ಮನೆಯವರಿಗೆ ಅದು ತಲುಪಿಯೇ ಇರಲಿಲ್ಲ. ಪಾಪ, ಕೆಟ್ಟವರಲ್ಲ. ಗಂಡ ಹೆಂಡತಿ ಇಬ್ಬರೂ ರಾತ್ರಿ ತಡವಾಗಿ ಬರುತ್ತಿದ್ದರು. ನಾನು ಒಬ್ಬಳೇ ಕೂತು ಬ್ರೆಡ್ಡು, ಚೀಸು ತಿನ್ನುತ್ತಿದ್ದೆ. ಜರ್ಮನಿಯಲ್ಲಿ ರಾತ್ರಿಯ ಊಟ ಹೆಚ್ಚಾಗಿ ತಣ್ಣಗೇ ಇರುತ್ತದೆ, ಅದು ಅವರ ಪದ್ಧತಿ. ಆದರೆ ತಣ್ಣನೆಯ ಊಟಕ್ಕೆ ಎದುರಿಗೆ ಯಾರಾದರೂ ಬೇಕಲ್ವಾ? ಮನೆ ಬದಲಿಸಿ ಎಂದು ಬರೆದರೆ ಇಲ್ಲಿನ ಆಫೀಸಿನಿಂದ "ಹೊಂದಿಕೊಳ್ಳುವುದು ಹೇಗೆ" ಎಂಬ ಪಿಡಿಎಫ್ ಬಂತು. ಅಲ್ಲಿ ನನಗೆಂದು ನೇಮಿಸಿದ್ದ ಸ್ವಯಂಸೇವಕಿ, ಕಾಲೇಜು ಓದುವ ಹುಡುಗಿ, ಪರೀಕ್ಷೆ ಎಂದು ಫೋನೇ ಎತ್ತುತ್ತಿರಲಿಲ್ಲ. ಕೊನೆಗೆ ಮನೆ ಹುಡುಕಿಕೊಟ್ಟದ್ದು ನನ್ನ ಕ್ಲಾಸಿನ ಹುಡುಗಿಯ ತಾಯಿ.

ಎರಡನೇ ಮನೆ ಬಂಗಾರ. ಹೋಸ್ಟ್ ಅಮ್ಮ, ಇಬ್ಬರು ಮಕ್ಕಳು, ಕೆಳಗಿನ ಮನೆಯಲ್ಲಿ ಓಮಾ, ಅಂದರೆ ಅಜ್ಜಿ. ಓಮಾ ಆಲೂಗಡ್ಡೆಯನ್ನು ಹಿಂದಿನ ದಿನ ಬೇಯಿಸಿಟ್ಟು, ಮರುದಿನ ತೆಳ್ಳಗೆ ಹೆಚ್ಚಿ, ಕಬ್ಬಿಣದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಕೆಂಪಗೆ ಹುರಿಯುತ್ತಿದ್ದರು. ಅದು ಬ್ರೇಗೆಲೆ. ಜೊತೆಗೆ ಬಿಬಿಲಿಸ್‌ಕೇಸ್: ಗಟ್ಟಿ ಮೊಸರಿನಂಥದ್ದಕ್ಕೆ ಈರುಳ್ಳಿ ಸೊಪ್ಪು, ಉಪ್ಪು, ಮೆಣಸು. ಸಸ್ಯಾಹಾರಿಗಳು ಆ ಕಡೆ ಹೋದರೆ ಮೊದಲು ಇದನ್ನೇ ಕೇಳಿ. ಅಮ್ಮ ಕಳಿಸಿದ ಉಪ್ಪಿನಕಾಯಿ ಸೇರಿಸಿದರೆ ಇನ್ನೂ ರುಚಿ. ಓಮಾ ಒಮ್ಮೆ ನಾಲಗೆಗೆ ತಾಗಿಸಿಕೊಂಡು ಕಣ್ಣೀರು ಒರೆಸಿಕೊಂಡರು, ಮರುದಿನ ಮತ್ತೆ ಬಾಟಲಿ ತೆರೆದರು.

ಶಾಲೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈ ಎತ್ತಿ ಮಾತಾಡಿದ್ದಕ್ಕೂ ಅಲ್ಲಿ ಅಂಕ ಇದೆ. ಸುಮ್ಮನೆ ಕೂತು ಬರೆದುಕೊಳ್ಳುವ ನಮ್ಮಂಥವರಿಗೆ ಅದು ಕಷ್ಟ. ಒಂದು ಅಂಕ ಬಂದರೆ ಶ್ರೇಷ್ಠ, ಆರು ಬಂದರೆ ಫೇಲ್. ಇದನ್ನು ಅಪ್ಪನಿಗೆ ಹೋಗುವ ಮುಂಚೆಯೇ ಹೇಳಿಡಿ.

ಈಗ ಹುಡುಗರ ವಿಷಯ. ಫ್ರೈಬುರ್ಗ್‌ನ ಹಳೇ ಪೇಟೆಯ ಬೀದಿಗಳ ಬದಿಯಲ್ಲಿ ಕಲ್ಲಿನ ಕಿರುಕಾಲುವೆಗಳು ಹರಿಯುತ್ತವೆ. ಬೇಖ್ಲೆ ಎನ್ನುತ್ತಾರೆ. ಮುಚ್ಚಳ ಇಲ್ಲ, ಕಂಬಿ ಇಲ್ಲ. ಗೊತ್ತಿಲ್ಲದೆ ಅದರಲ್ಲಿ ಕಾಲಿಟ್ಟವರಿಗೆ ಫ್ರೈಬುರ್ಗ್‌ನವರ ಜೊತೆಯೇ ಮದುವೆ ಎಂದು ಊರಿನ ನಂಬಿಕೆ. ದೊಡ್ಡ ಚರ್ಚಿನ, ಅಂದರೆ ಮ್ಯೂನ್‌ಸ್ಟರ್‌ನ, 116 ಮೀಟರ್ ಗೋಪುರವನ್ನು ತಲೆ ಎತ್ತಿ ನೋಡುತ್ತಾ ನಡೆದರೆ ಇನ್ನೇನಾಗುತ್ತದೆ? ಶೂ ತುಂಬಾ ನೀರು. ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ತನ್ನ ಆಟದ ಬ್ಯಾಗಿನಿಂದ ಒಣ ಸಾಕ್ಸ್ ತೆಗೆದುಕೊಟ್ಟವನು ಒಬ್ಬನೇ. ಅದನ್ನು ತೊಳೆದು ವಾಪಸ್ ಕೊಡಲು ಹೋದೆ. ಅಲ್ಲಿಂದ ಮಾತು ಶುರು.

ಫೆಬ್ರವರಿಯ ಫಾಸ್ನೆಟ್ ಹಬ್ಬಕ್ಕೆ ಅವನು ತನ್ನ ಅಜ್ಜನ ಊರು ಎಲ್ಟ್ಸಾಖ್‌ಗೆ ಕರೆದೊಯ್ದ. ಆ ಕಣಿವೆಯ ರೈಲಿಗೆ ಅದೇ ಕೊನೆಯ ನಿಲ್ದಾಣ. ಅಲ್ಲಿಯ ವೇಷ ಶುಟ್ಟಿಗ್: ಕೆಂಪು ಬಟ್ಟೆ, ಮರದ ಮುಖವಾಡ, ಬಸವನಹುಳುವಿನ ಚಿಪ್ಪು ಹೊಲಿದ ಮೂರು ಮೂಲೆಯ ಹುಲ್ಲಿನ ಟೊಪ್ಪಿ. ಕೈಯಲ್ಲಿ ಗಾಳಿ ತುಂಬಿದ ಹಂದಿಯ ಮೂತ್ರಕೋಶ, ಅದರಿಂದ ಜನರಿಗೆ ಹೊಡೆಯುತ್ತಾರೆ. ನವರಾತ್ರಿಯ ಹುಲಿವೇಷ ನೋಡಿ ಬೆಳೆದವಳಿಗೆ ಆ ಗುಂಪು, ಆ ಸದ್ದು, ಓಡಿ ಬಂದು ಹೆದರಿಸುವುದು ಎಲ್ಲ ಮನೆಯದ್ದೇ ಅನ್ನಿಸಿತು. ಒಬ್ಬ ಶುಟ್ಟಿಗ್ ಬಂದು ನನ್ನ ಬೆನ್ನಿಗೆ ಎರಡು ಬಾರಿಸಿ, ಮುಖವಾಡದೊಳಗಿಂದ ಗುರುಗುಟ್ಟಿ ಹೋದ. "ಅಜ್ಜ ಇರಬೇಕು," ಎಂದ ಇವನು. ಖಾತ್ರಿ ಇಲ್ಲ. ಮುಖವಾಡದೊಳಗೆ ಯಾರೆಂದು ಗೊತ್ತಾಗಬಾರದು, ಅದೇ ಅಲ್ಲಿಯ ನಿಯಮ. ಉಡುಪಿ ಮಠದ ಊಟ ಮಾಡಿದವಳ ಬೆನ್ನಿಗೆ ಹಂದಿಯ ಮೂತ್ರಕೋಶದ ಏಟು. ಅಜ್ಜಿಗೆ ಇವತ್ತಿಗೂ ಹೇಳಿಲ್ಲ.

ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಪ್ರೀತಿ ಅಲ್ಲ, ಅದರ ಬಗ್ಗೆ ಊಟದ ಮೇಜಿನಲ್ಲಿ ಮಾತಾಡಿದ್ದು. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಾ ಹೋಸ್ಟ್ ಅಮ್ಮ ಕೇಳಿದರು, ಅವನು ನಿನ್ನ ಗೆಳೆಯನಾ, ಅಂದರೆ ಬಾಯ್‌ಫ್ರೆಂಡಾ, ಅಥವಾ ಗೆಳೆಯರಲ್ಲಿ ಒಬ್ಬನಾ ಎಂದು. ನನ್ನ ಕಿವಿ ಬಿಸಿಯಾಯಿತು. ಚಿಕ್ಕ ಮಕ್ಕಳಿಬ್ಬರೂ ತಿನ್ನುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಬಾಯ್‌ಫ್ರೆಂಡ್ ಎಂದೆ. ಸರಿ, ಭಾನುವಾರ ಊಟಕ್ಕೆ ಕರಿ ಎಂದರು. ಆಮೇಲೆ ಒಂದೇ ಪ್ರಶ್ನೆ, ಪ್ರತಿ ಸಲವೂ ಅದೇ: ಯಾವ ರೈಲಿಗೆ ವಾಪಸ್ ಬರ್ತೀಯ? ಹೇಳಿದ ರೈಲಿಗೆ ಬರದಿದ್ದರೆ ಕೋಪ. ಬಂದರೆ ಬೇರೆ ಮಾತಿಲ್ಲ. ನಾವು ಮಾಡಿದ್ದು ಡ್ರೈಸಾಮ್ ಹೊಳೆಯ ದಂಡೆಯಲ್ಲಿ ನಡೆದದ್ದು, ಕೈ ಹಿಡಿದದ್ದು, ಅವನ ಗಣಿತಕ್ಕೆ ನಾನು, ನನ್ನ ವ್ಯಾಕರಣಕ್ಕೆ ಅವನು ಅಷ್ಟೇ. ಮನೆಯಲ್ಲಿ ಗೊತ್ತಿದ್ದರಿಂದ ಬಚ್ಚಿಡುವ ಕೆಲಸವೇ ಇರಲಿಲ್ಲ.

ಇಲ್ಲಿ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ. ಆಮೇಲೆ, "ಅವ ಎಂತ ಓದುವುದು?" ಆಮೇಲೆ, "ಅಪ್ಪನಿಗೆ ನಾನೇ ಹೇಳ್ತೇನೆ, ನೀನು ಬಾಯಿ ಬಿಡಬೇಡ." ಅಮ್ಮ ಇನ್ನೂ ಹೇಳಿಲ್ಲ ಅಂತ ನನ್ನ ಅನುಮಾನ. ಅಪ್ಪ ಇದನ್ನು ಓದಿದರೆ ಇವತ್ತು ಗೊತ್ತಾಗುತ್ತದೆ.

ಅವನು ಈಗ ಕಾರ್ಲ್ಸ್‌ರೂಹೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಭಾನುವಾರ ಫೋನ್ ಮಾಡುತ್ತೇವೆ. ಪ್ರೀತಿ ಅಂತ ಈಗ ಇಬ್ಬರೂ ಹೇಳುವುದಿಲ್ಲ, ಅಲ್ಲ ಅಂತಲೂ ಯಾರೂ ಹೇಳಿಲ್ಲ.

ಇನ್ನೊಂದು ಸಂಗತಿ ಮಂಗಳೂರಿನವರಿಗಾಗಿ. ಫ್ರೈಬುರ್ಗ್‌ನಿಂದ ರೈಲು ಹತ್ತಿದರೆ ಗಡಿ ದಾಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ತಲುಪಲು ಒಂದು ಗಂಟೆಯೂ ಬೇಕಿಲ್ಲ. ನಮ್ಮ ಬಾಸೆಲ್ ಮಿಶನ್ನಿನ ಬಾಸೆಲ್. ಅಜ್ಜಿ ಮನೆಯ ಮಾಡಿನ ಹಂಚಿನ ಮೇಲೆ ಅದೇ ಹೆಸರು ಒತ್ತಿದೆ. ಆ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದ ಮೋಗ್ಲಿಂಗ್ ಕೂಡ ಅವರ ಕಡೆಯವರೇ. ಹೋಸ್ಟ್ ಅಮ್ಮನಿಗೆ ಹಂಚಿನ ಫೋಟೋ ತೋರಿಸಿದೆ. ಗಡಿಯ ಆಚೆ ಇಷ್ಟು ಹತ್ತಿರ ಇದ್ದೂ ಅವರಿಗೆ ಇದು ಗೊತ್ತೇ ಇರಲಿಲ್ಲ. ಮುಂದಿನ ಶನಿವಾರವೇ ಮಿಶನ್ ಬೀದಿಯ ಆ ಹಳೇ ಕಟ್ಟಡ ನೋಡಲು ಕರೆದುಕೊಂಡು ಹೋದರು. ಸಂಸ್ಥೆಯವರು ಏರ್ಪಡಿಸಿದ ಬರ್ಲಿನ್ ಪ್ರವಾಸಕ್ಕಿಂತ ನನಗೆ ಇದೇ ಹೆಚ್ಚು.

ನನ್ನ ಲೆಕ್ಕ ಹೀಗೆ. ಆ ವರ್ಷಕ್ಕೆ ಐದಕ್ಕೆ ಐದು. ಸಂಸ್ಥೆಗೆ ಐದಕ್ಕೆ ಎರಡು, ಅದೂ ವಿಮೆ ಸರಿಯಾಗಿ ಸಿಕ್ಕಿದ್ದಕ್ಕೆ. ಜೊತೆಯವರು ಒಂದು ಕ್ಲಾಸ್ ಮುಂದೆ ಹೋಗಿರುತ್ತಾರೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಪಿಯುಸಿ ಸೇರುವಾಗ ನಮ್ಮ ಕಾಲೇಜಿನಲ್ಲಿ ಗ್ಯಾಪ್‌ಗೆ ಅಫಿಡವಿಟ್ ಕೇಳಿದರು. ಮನೆ ಬಿಟ್ಟು ಹಾಸ್ಟೆಲಿನಲ್ಲೂ ಇದ್ದು ಗೊತ್ತಿಲ್ಲದ ಮಕ್ಕಳಾದರೆ ಡಿಗ್ರಿ ಆದ ಮೇಲೆ ಕಳಿಸಿ, ಅವಸರ ಏನಿಲ್ಲ.

ದುಡ್ಡು ಕಟ್ಟುವ ಮುಂಚೆ ಆಫೀಸಿನವರನ್ನು ಮೂರು ವಿಷಯ ಕೇಳಿ. ಮನೆ ಬದಲಿಸಲು ಕೇಳಿದರೆ ಎಷ್ಟು ದಿನದಲ್ಲಿ ಬದಲಿಸುತ್ತೀರಿ? ಅಲ್ಲಿ ನೋಡಿಕೊಳ್ಳುವವರು ಯಾರು, ಅವರು ಫೋನ್ ಎತ್ತದಿದ್ದರೆ ಯಾರಿಗೆ ಮಾಡಬೇಕು? ಹೋದ ವರ್ಷ ಹೋಗಿ ಬಂದ ಮಕ್ಕಳ ಹತ್ತಿರ ಮಾತಾಡಿಸುತ್ತೀರಾ? ಉತ್ತರ ಇಮೇಲ್‌ನಲ್ಲಿ ಬರಲಿ, ಫೋನಿನಲ್ಲಿ ಬೇಡ.